ಬೊಂಬಾಯಿಗೆ ಎಷ್ಟು ಹೊತ್ತು?

ನಾನು ಮದುವೆಯಾಗಿ ಬೊಂಬಾಯಿ ಸೇರಿದ ಮೇಲೆ, ಮೈಸೂರಿನ ಚಾಮರಾಜಪುರಂನ ನಮ್ಮ ಮನೆ ಪ್ರತಿ ವರ್ಷ ಎರಡು ದಿನ ಗುಡಿಸದೆ ಬಿದ್ದಿರುತ್ತಿತ್ತು. ಹೊರಟವರು ಊರು ಮುಟ್ಟುವ ತನಕ ಅಮ್ಮ ಪೊರಕೆ ಹಿಡಿಯುತ್ತಿರಲಿಲ್ಲ. ಗುಡಿಸಿದರೆ ಹೋದವರನ್ನೇ ಮನೆಯಿಂದಾಚೆ ಗುಡಿಸಿ ಹಾಕಿದಂತೆ ಎಂಬುದು ಅವಳ ನಂಬಿಕೆ. ಅಣ್ಣ ಬೆಂಗಳೂರಿಗೆ ಹೋದರೆ ಮಧ್ಯಾಹ್ನದೊಳಗೆ ಬಿಡುಗಡೆ. ನನ್ನದು ರೈಲಿನಲ್ಲಿ ಎರಡು ದಿನದ ದಾರಿ. ಪಡಸಾಲೆಯ ಕಡಲೆಕಾಯಿ ಸಿಪ್ಪೆ, ನನ್ನ ಮುಡಿಯಿಂದ ಉದುರಿದ ಮಲ್ಲಿಗೆ, ಎಲ್ಲ ಬಿದ್ದಲ್ಲೇ ಇರಬೇಕು. ಅಪ್ಪ ಧೂಳಿಗೆ ಸೀನಿ ಸೀನಿ ಸುಸ್ತಾದರೂ ಅಮ್ಮ ಜಗ್ಗುತ್ತಿರಲಿಲ್ಲ. ಇದನ್ನು ನೆನೆದರೆ ನನಗೆ ಮೈ ಉರಿಯುತ್ತಿತ್ತು. ನಾಲ್ಕಕ್ಷರ ಕಲಿತವಳಲ್ಲವೇ ನಾನು!

ಐವತ್ತರ ದಶಕದ ಕೊನೆಯಲ್ಲಿ ಒಮ್ಮೆ ಮಗುವನ್ನು ಅತ್ತೆಯವರ ಹತ್ತಿರ ಬಿಟ್ಟು ಒಬ್ಬಳೇ ತವರಿಗೆ ಬಂದಿದ್ದೆ. ಬೇಗ ಮರಳಲಿ ಎಂದು ನಮ್ಮವರು ವಿಮಾನದ ಟಿಕೆಟ್ ಕೊಡಿಸಿದ್ದರು. ನಮ್ಮೂರ ಹೊರಗೆ ಮಂಡಕಳ್ಳಿಯಲ್ಲಿ ವಿಮಾನ ಇಳಿಯುವ ಬಯಲಿದ್ದರೂ ಬೊಂಬಾಯಿಗೆ ಹೋಗುವವರು ಬೆಂಗಳೂರಿಗೇ ಹೋಗಬೇಕಿತ್ತು.

"ಎಷ್ಟೊತ್ತು ಆಗತ್ತೆ ಕಣೇ?" ಎಂದು ಅಮ್ಮ ಹೊರಡುವ ಬೆಳಿಗ್ಗೆ ಕೇಳಿದಳು.

"ಬೆಂಗ್ಳೂರಿಂದ ನಾಲ್ಕೇ ಗಂಟೆ ಕಣಮ್ಮ."

"ಸುಮ್ನಿರು. ಇಲ್ಲಿಂದ ಬೆಂಗ್ಳೂರಿಗೇ ರೈಲಲ್ಲಿ ನಾಲ್ಕು ಗಂಟೆ ಬೇಕು. ಬೊಂಬಾಯಿ ಅಷ್ಟು ಹತ್ರ ಬಂದ್ಬುಡ್ತಾ?"

"ಬಂದ್ಬುಡ್ತು. ಸಾಯಂಕಾಲ ಐದಕ್ಕೆ ಆರಾಮಾಗಿ ಕಸ ಗುಡಿಸ್ಕೊ."

ಅಮ್ಮ ಗೋಡೆ ಗಡಿಯಾರ ನೋಡಿದಳು. ಮಗಳು ಇಷ್ಟು ಹತ್ತಿರದಲ್ಲೇ ಇದ್ದಾಳೆಂದು ಅವಳ ಮುಖ ಅರಳಿತು. ಕೊನೆಗೂ ಗೆದ್ದೆ ಅಂದುಕೊಂಡು ರೈಲು ಹತ್ತಿದೆ.

ಬೆಂಗಳೂರಿನಲ್ಲಿ ವಿಮಾನ ಕೆಟ್ಟು ನಿಂತಿತ್ತು. ನಾಳೆ ಬನ್ನಿ ಎಂದರು. ಅಲ್ಲೇ ಇದ್ದ ಚಿಕ್ಕಮ್ಮನ ಮನೆಗೆ ಹೋಗುವ ದಾರಿಯಲ್ಲಿ, "ವಿಮಾನ ಕೆಟ್ಟಿದೆ, ನಾಳೆ ಪ್ರಯಾಣ" ಎಂದು ಬೊಂಬಾಯಿಗೂ ಮೈಸೂರಿಗೂ ತಂತಿ ಕೊಟ್ಟೆ. ಅಮ್ಮನ ಪೊರಕೆಯ ನೆನಪೇ ಆಗಲಿಲ್ಲ. ಮರುದಿನ ಸುಖವಾಗಿ ಮನೆ ಸೇರಿ, ಸೇರಿದೆನೆಂದು ಇನ್ನೊಂದು ತಂತಿ ಕಳಿಸಿದೆ.

ವಾರದ ಮೇಲೆ ಅಪ್ಪನ ಕಾಗದ ಬಂತು. "ನೀನು ಹೇಳಿದಂತೆಯೇ ನಿಮ್ಮಮ್ಮ ಐದು ಹೊಡೆದ ಮೇಲೆ ಮನೆ ಗುಡಿಸಿದಳು. ಕಸವನ್ನು ಹಿತ್ತಿಲ ಗುಂಡಿಗೆ ಹಾಕಿ ಕೈ ತೊಳೆಯುತ್ತಿದ್ದಾಗ ನಿನ್ನ ತಂತಿ ಬಂತು. ಓದಿ ಹೇಳಿದೆ. ಕಸದ ಮೊರ ಹಿಡಿದು ಹೋಗಿ, ಹಾಕಿದ್ದನ್ನೆಲ್ಲ ಬಾಚಿಕೊಂಡು ಬಂದು ಪಡಸಾಲೆಯಲ್ಲಿ ಮೊದಲಿನಂತೆ ಹರಡಿದಳು. ನಿನ್ನ ಬಾಡಿದ ಹೂವನ್ನಂತೂ ಹುಡುಕಿ ಹುಡುಕಿ ತಂದಳು. ನೀನು ಸೇರಿದ ತಂತಿ ಬಂದ ಮೇಲೂ, ಎರಡು ದಿನ ತುಂಬುವ ತನಕ ಯಾರಿಗೂ ಮುಟ್ಟಗೊಡಲಿಲ್ಲ. ನಾನು ಸೀನುತ್ತಾ ಕ್ಷೇಮ."

ಮೊದಲು ಜೋರಾಗಿ ನಕ್ಕೆ. ನಮ್ಮವರಿಗೆ ಓದಿ ಹೇಳಲು ಕೂತಾಗ ಹೂವಿನ ಮಾತಿನ ಹತ್ತಿರ ಓದು ನಿಲ್ಲಿಸಿ ಕಾಗದವನ್ನು ಅವರ ಕೈಗೇ ಕೊಟ್ಟೆ. ಆ ಸಂಜೆ ನಾನು ಚಿಕ್ಕಮ್ಮನ ಮನೆಯಲ್ಲಿ ಹರಟುತ್ತಾ ಎರಡನೇ ಲೋಟ ಕಾಫಿ ಕುಡಿಯುತ್ತಿದ್ದೆ. ಅಮ್ಮ ಕಸದ ಗುಂಡಿಯಲ್ಲಿ ಕೈಯಾಡಿಸುತ್ತಿದ್ದಳು, ನನ್ನನ್ನು ಮನೆಯೊಳಕ್ಕೆ ತರಲು. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಮರುವರ್ಷ ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು, ಅಳುಕುತ್ತಲೇ ಕೇಳಿದಳು: "ಈ ಸಲ ಎಷ್ಟೊತ್ತು?"

"ಎರಡು ದಿನ ಕಣಮ್ಮ" ಎಂದೆ.

ವಿಮಾನದ ಟಿಕೆಟ್ ನನ್ನ ಕೈಚೀಲದಲ್ಲೇ ಇತ್ತು.