ಐದು ಹೆಂಗಸರ ‘ಎಸ್ ಮೇಡಮ್’

ಕಳೆದ ತಿಂಗಳು ಒಂದು ಸಂಜೆ, ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಐದು ಜನ ಹೆಂಗಸರಿಗಾಗಿ ಕಾಯುತ್ತಿದ್ದೆವು. ಪರದೆಯ ಮೇಲೆ ಬಂದದ್ದು ಒಬ್ಬ ಗಂಡಸು.

ದಪ್ಪ ಮೀಸೆ, ಹಣೆಯಲ್ಲಿ ವಿಭೂತಿ, ಬೆನ್ನ ಹಿಂದೆ ಲ್ಯಾಮಿನೇಷನ್ ಮೆಷೀನು. ಮುಖದ ಕೆಳಗೆ ಹೆಸರು ಮಾತ್ರ ‘ನಾಗರತ್ನ’ ಎಂದಿತ್ತು.

ನಾನು ನಾದಿನಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಮೀಸೆಯ ನಾಗರತ್ನ ಇಬ್ಬರಿಗೂ ಕೈಮುಗಿದು, ‘ಮೇಡಮ್, ವಾಯ್ಸ್ ಬತ್ತಾದಾ?’ ಎಂದರು.

ತಾಳಿ, ಮೊದಲಿಂದ ಹೇಳುತ್ತೇನೆ.

ನನ್ನ ನಾದಿನಿ ಶೈಲಜಾ ಚಾಮರಾಜನಗರದಲ್ಲಿ ನರ್ಸಿಂಗ್ ಓದುವ ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಕಳೆದ ವರ್ಷ ಒಂದು ಅಂತರರಾಷ್ಟ್ರೀಯ ನೆಟ್‌ವರ್ಕ್ ಸೇರಿಕೊಂಡಳು. ಬೇರೆ ಬೇರೆ ದೇಶಗಳಲ್ಲಿ ಜನಕ್ಕೆ ಆರೋಗ್ಯದ ತಿಳಿವಳಿಕೆ ಹೇಳುವವರ ಗುಂಪು ಅದು. ಬಸುರಿಯರಿಗೆ ಏನು ಹೇಳಬೇಕು, ಹಾವು ಕಚ್ಚಿದರೆ ಏನು ಮಾಡಬಾರದು, ಸಕ್ಕರೆ ಕಾಯಿಲೆಯವರು ಕಾಲು ಹೇಗೆ ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಅವರವರ ಭಾಷೆಯಲ್ಲಿ ಪಾಠ ಮಾಡಿ ಹಂಚಿಕೊಳ್ಳುತ್ತಾರೆ. ಹಲವು ಭಾಷೆಗಳಿವೆ. ಕನ್ನಡ ಇರಲಿಲ್ಲ.

ಕನ್ನಡ ಬೇಕಾದರೆ ಹಳ್ಳಿಗಳಲ್ಲಿ ನಿಜವಾಗಿ ಈ ಕೆಲಸ ಮಾಡುವವರು ಬೇಕು, ಅವರನ್ನು ಹುಡುಕಿ ಸೇರಿಸಿ, ತಿಂಗಳ ಕೊನೆಯ ಮೀಟಿಂಗಿನಲ್ಲಿ ತೀರ್ಮಾನ ಮಾಡೋಣ ಎಂದರಂತೆ. ಹೇಗೆ ಹುಡುಕಬೇಕು? ಆನ್‌ಲೈನ್‌ನಲ್ಲಿ. ಹೆಸರು, ಊರು, ಇಮೇಲು ಹುಡುಕಿ, ಪತ್ರ ಹಾಕಿ, ಅಷ್ಟೇ. ಶನಿವಾರ ಬಸ್ಸಿಳಿದವಳೇ ಬ್ಯಾಗು ಸೋಫಾ ಮೇಲೆ ಎಸೆದು, ‘ಅತ್ತಿಗೆ, ನಿಮಗೆ ಹೇಗೂ ಊರಿನವರ ವಿಷಯ ಕೆದಕೋದು ಇಷ್ಟ ಅಲ್ವಾ, ಬನ್ನಿ’ ಎಂದಳು. (ಇಷ್ಟವೇ. ಇಲ್ಲದಿದ್ದರೆ ವಾರವಾರ ಪತ್ರಿಕೆಯ ಈ ಜಾಗ ತುಂಬಿಸುವುದು ಹೇಗೆ?)

ನೀವೂ ಒಮ್ಮೆ ಹುಡುಕಿ ನೋಡಿ. ‘ಆರೋಗ್ಯ ಶಿಕ್ಷಣ ಗುಂಡ್ಲುಪೇಟೆ’ ಎಂದು ಹಾಕಿದೆವು. ಮೊದಲು ಕೂದಲು ಬೆಳೆಸುವ ಎಣ್ಣೆ ಬಂತು. ಆಮೇಲೆ ಮಂಡಿನೋವಿನ ಬೆಲ್ಟು. ಆಮೇಲೆ ಬಂಡೀಪುರದ ಹತ್ತಿರದ ರೆಸಾರ್ಟು. ಮಾರುವವರೆಲ್ಲ ಮೊದಲ ಪುಟದಲ್ಲೇ ಸಿಗುತ್ತಾರೆ. ‘ಕಾಂಟ್ಯಾಕ್ಟ್ ಅಸ್’ ಒತ್ತಿದರೆ ಅವರ ನಂಬರ್ ಕೊಡುವುದಿಲ್ಲ, ನಮ್ಮ ನಂಬರ್ ಕೇಳುತ್ತಾರೆ! ನಾನು ಒಂದು ಕಡೆ ಕೊಟ್ಟುಬಿಟ್ಟೆ. ಇವತ್ತಿಗೂ ಆ ಬೆಲ್ಟಿನ ಹುಡುಗಿ ಫೋನ್ ಮಾಡಿ ನನ್ನ ಮಂಡಿ ವಿಚಾರಿಸುತ್ತಾಳೆ.

ಆದರೆ ಮನೆಮನೆಗೆ ನಡೆದು ಕಬ್ಬಿಣದ ಮಾತ್ರೆ ನುಂಗಿಸುವವರು? ಅವರು ಎಲ್ಲೂ ಇಲ್ಲ.

ಕೊನೆಗೂ ಯಾವುದೋ ಆನ್‌ಲೈನ್ ತರಬೇತಿಯ ಪುಟ ಸಿಕ್ಕಿತು. ನಮ್ಮ ತಾಲ್ಲೂಕಿನ ಐದು ಹೆಂಗಸರ ಹೆಸರು, ಊರು, ಇಮೇಲು ಅಲ್ಲಿದ್ದವು. ಶೈಲಜಾ ಕುಣಿದಾಡಿದಳು. ಕೂಡಲೇ ಐವರಿಗೂ ಪತ್ರ ಹಾಕಿದಳು. ಮಾರನೆ ದಿನ ಬೆಳಗ್ಗೆಯೇ ಐವರಿಂದಲೂ ಉತ್ತರ! ‘ಎಸ್ ಮೇಡಮ್. ಐ ಆಮ್ ವೆರಿ ಮಚ್ ಇಂಟರೆಸ್ಟೆಡ್. ಕೈಂಡ್ಲಿ ಡೂ ದ ನೀಡ್‌ಫುಲ್.’ ಐದೂ ಉತ್ತರ ಅಕ್ಷರಶಃ ಒಂದೇ. ನನಗೆ ಆಗಲೇ ಗುಮಾನಿ ಬಂತು. ಒಂದೇ ಟ್ರೈನಿಂಗ್ ತಗೊಂಡವರಲ್ವಾ ಅತ್ತಿಗೆ, ಒಂದೇ ಥರ ಬರೀತಾರೆ ಎಂದು ನನ್ನ ಬಾಯಿ ಮುಚ್ಚಿಸಿದಳು. ಅಷ್ಟೇ ಅಲ್ಲ, ಕನ್ನಡದ ತಂಡ ತಯಾರಾಗಿದೆ ಎಂದು ನೆಟ್‌ವರ್ಕಿಗೆ ಬರೆದೂಬಿಟ್ಟಳು. ಅವರ ವೆಬ್‌ಸೈಟಿನಲ್ಲೊಂದು ಪ್ರಪಂಚದ ನಕ್ಷೆ. ಸದಸ್ಯರಿರುವ ಕಡೆಯೆಲ್ಲ ಹಸಿರು ಚುಕ್ಕೆ. ಸಂಜೆಯೊಳಗೆ ಗುಂಡ್ಲುಪೇಟೆ ತಾಲ್ಲೂಕಿನ ಮೇಲೆ ಐದು ಚುಕ್ಕೆ ಮೂಡಿದವು.

ದೊಡ್ಡ ಮೀಟಿಂಗಿಗೆ ಮುಂಚೆ ನಾವೇ ಒಮ್ಮೆ ಮಾತಾಡಿಕೊಳ್ಳೋಣ ಎಂದು ಐವರಿಗೂ ವಿಡಿಯೋ ಕಾಲಿನ ಲಿಂಕ್ ಕಳಿಸಿದ್ದಳು. ಆಗ ಬಂದದ್ದೇ ಆ ಮೀಸೆ.

ಯಾರು ಗೊತ್ತೇ? ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ಮಾದೇವಸ್ವಾಮಿ. ನನಗೂ ಚೆನ್ನಾಗಿ ಗೊತ್ತಿರುವ ಮನುಷ್ಯ. ಈ ಸೀಮೆಯಲ್ಲಿ ಆನ್‌ಲೈನ್ ಅರ್ಜಿ ಎಂದರೆ ಅವರೇ. ಇಮೇಲ್ ಐಡಿ ಮಾಡುವವರು ಅವರು, ಪಾಸ್‌ವರ್ಡ್ ಇಡುವವರು ಅವರು. ಓಟಿಪಿಗೆ ಪದೇ ಪದೇ ಫೋನ್ ಮಾಡುವುದು ಯಾಕೆಂದು ಕೊಡುವ ನಂಬರೂ ಅವರದೇ. ಬೆಳಗ್ಗೆ ಅಂಗಡಿ ತೆಗೆದು, ಊದುಬತ್ತಿ ಹಚ್ಚಿ, ಗಿರಾಕಿಗಳ ಮೇಲ್‌ಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡುತ್ತಾರಂತೆ. ‘ಆಸಕ್ತಿ ಇದೆಯೇ’ ಎಂದು ಯಾರಾದರೂ ಕೇಳಿದ್ದರೆ ‘ಎಸ್’ ಎಂದು ಹಾಕುತ್ತಾರೆ. ಮುಂಚೆ ಹೀಗೆ ಉತ್ತರ ಕೊಡದೆ ಯಾರದೋ ಅರ್ಜಿ ತಪ್ಪಿಹೋಗಿ, ಆ ಹೆಣ್ಣುಮಗಳು ಕೌಂಟರ್ ಮುಂದೆ ನಿಂತು ಅತ್ತಿದ್ದಳಂತೆ. ಅವತ್ತಿನಿಂದ ಈ ಪದ್ಧತಿ.

‘ಅರ್ಜಿ ಹಾಕ್ದವ್ರು ಬ್ಯಾಡ ಅಂದಾರ ಮೇಡಮ್? ಡೇಟ್ ಮುಗುದೋದ್ರೆ ಯಾರ್ ಜವಾಬ್ದಾರಿ? ಅದ್ಕೇ ನಾನೇ ಎಸ್ ಅಂದ್ಬುಟ್ಟೆ’ ಎಂದರು. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

ಕಾಲ್ ಮುಗಿದ ಮೇಲೆ ನಾನು ಬಿದ್ದು ಬಿದ್ದು ನಕ್ಕೆ. ಶೈಲಜಾ ನಗಲಿಲ್ಲ. ಪಾಪ, ಅವಳ ಮರ್ಯಾದೆಯ ಪ್ರಶ್ನೆ. ಮೀಟಿಂಗಿಗೆ ಉಳಿದಿದ್ದು ಒಂದು ವಾರ. ಐವರೂ ಒಪ್ಪಿದ್ದಾರೆ ಎಂದು ಅಷ್ಟು ದೇಶದವರ ಮುಂದೆ ಹೇಳಿಯಾಗಿದೆ. ಈಗ ಒಬ್ಬರೂ ಬರದಿದ್ದರೆ ಅವಳ ಮಾತೂ ಹೋಯಿತು, ಕನ್ನಡವೂ ಹೋಯಿತು.

ಮಾರನೆ ದಿನ ಅಂಗಡಿಗೆ ಹೋಗಿ ವಿಚಾರಿಸಿದೆವು. ಐವರಲ್ಲಿ ಇಬ್ಬರು ಕೆಲಸ ಬಿಟ್ಟಿದ್ದರು. ಒಬ್ಬಳು ಮದುವೆಯಾಗಿ ತಾಳವಾಡಿ ಕಡೆ ಹೋಗಿದ್ದಳು. ಇನ್ನೊಬ್ಬಳು ಯಾರೆಂದು ಸ್ವಾಮಿಗೇ ನೆನಪಿಲ್ಲ. ಉಳಿದವಳು ಭೀಮನಬೀಡಿನ ಕಡೆಯ ಆಶಾ ಕಾರ್ಯಕರ್ತೆ ನಾಗರತ್ನ. ಫೋನ್ ನಂಬರ್ ಕೇಳಿದರೆ ಸ್ವಾಮಿ ತಮ್ಮ ನಂಬರನ್ನೇ ಹೇಳಿ ನಾಲಿಗೆ ಕಚ್ಚಿಕೊಂಡರು. ಸ್ಕೂಟರ್ ಹತ್ತಿ ಹೊರಟೆವು. ಇಂಟರ್ನೆಟ್ಟಿನಲ್ಲಿ ಸಿಗದವಳು ಊರಿನ ಮೊದಲ ಟೀ ಅಂಗಡಿಯಲ್ಲೇ ಸಿಕ್ಕಳು. ಅಂದರೆ, ಅಂಗನವಾಡಿಗೆ ಹೋಗಿ, ಅಲ್ಲೇ ಇರುತ್ತಾಳೆ ಎಂದು ಟೀ ಕುಡಿಯುತ್ತಿದ್ದವರು ಹೇಳಿದರು.

ಅಲ್ಲಿ ತಾಯಂದಿರ ಸಭೆ ನಡೆಯುತ್ತಿತ್ತು. ನಾಗರತ್ನಳಿಗೆ ನಲವತ್ತರ ಹತ್ತಿರ ವಯಸ್ಸು. ಜೋರು ದನಿ. ಕೈಸನ್ನೆ ಮಾಡಿ ನಮ್ಮನ್ನು ಮೂಲೆಯಲ್ಲಿ ಕೂರಿಸಿ ತನ್ನ ಕೆಲಸ ಮುಂದುವರಿಸಿದಳು. ಎದುರಿಗೆ ಒಬ್ಬಳು ಬಸುರಿ, ಪಕ್ಕದಲ್ಲಿ ಅವಳ ಅತ್ತೆ. ಮಾತ್ರೆ ತಗೋತಿದ್ದೀಯಾ ಎಂದರೆ ದಿನಾ ತಗೋತಾಳೆ ಎಂದು ಅತ್ತೆಯ ಉತ್ತರ. ಊಟ ಸೇರ್ತದಾ ಎಂದರೆ ಚೆನ್ನಾಗಿ ಉಣ್ತಾಳೆ ಎಂದು ಅತ್ತೆಯದೇ ಉತ್ತರ. ಹುಡುಗಿ ನೆಲ ನೋಡುತ್ತಿದ್ದಳು.

‘ಅತ್ತೆವ್ರೇ, ಚೂರು ಆಚೆ ಓಗಿ ಆ ಕೂಸ ಆಡಿಸ್ತಿರಿ’ ಎಂದಳು ನಾಗರತ್ನ. ಅತ್ತೆ ಗೊಣಗುತ್ತಾ ಎದ್ದು ಹೋದರು.

ಬಾಗಿಲು ಮುಚ್ಚಿದ್ದೇ ಹುಡುಗಿ ಬಾಯಿಬಿಟ್ಟಳು. ಮಾತ್ರೆ ನುಂಗಿದರೆ ವಾಂತಿ ಬರುತ್ತದೆ, ಅದಕ್ಕೇ ದಿನಾ ತಿಪ್ಪೆಗೆ ಎಸೆಯುತ್ತೇನೆ ಎಂದಳು. ನಾಗರತ್ನ ಬೈಯಲಿಲ್ಲ. ಊಟ ಆದ ಮೇಲೆ ತಗೊಂಡು ನೋಡು, ಆಗಲೂ ಹಾಗೇ ಆದರೆ ಸುಮ್ಮನಿರಬೇಡ, ನನಗೆ ಹೇಳು, ಡಾಕ್ಟರ ಹತ್ತಿರ ಹೋಗನ ಎಂದಳು.

ಸಭೆ ಮುಗಿದ ಮೇಲೆ ಶೈಲಜಾ ನಗುನಗುತ್ತಾ ಪರಿಚಯ ಹೇಳಿಕೊಂಡು, ನೀವು ನಮ್ಮ ನೆಟ್‌ವರ್ಕ್ ಸೇರಲು ಒಪ್ಪಿದ್ದೀರಿ, ತುಂಬಾ ಸಂತೋಷ ಎಂದಳು.

‘ನಾನಾ? ನಾನು ಯಾವಾಗ ಒಪ್ಕಂಡೆ?’

ವಿಷಯ ಪೂರ್ತಿ ಹೇಳಬೇಕಾಯಿತು. ನಾಗರತ್ನ ಸ್ವಾಮಿಗೆ ಬೈದಳು, ಆಮೇಲೆ ನಕ್ಕಳು, ಆಮೇಲೆ ಕೇಳಲು ಶುರುಮಾಡಿದಳು. ಕನ್ನಡದಲ್ಲಿ ಮಾತಾಡಬಹುದಾ? ಸರ್ಟಿಫಿಕೇಟ್ ಕೊಡುತ್ತಾರಾ? ನನ್ನ ಫೋಟೋ ಹಾಕುತ್ತಾರಾ? ನಂಬರನ್ನು ನೆಟ್ಟಿಗೆ ಬಿಡುತ್ತಾರಾ? ನಾವು ಹೇಳಿದ್ದನ್ನು ಅವರೂ ಕೇಳುತ್ತಾರಾ, ಇಲ್ಲಾ ಅವರು ಹೇಳಿದ್ದನ್ನು ನಾವು ಕೇಳಬೇಕಾ? ಶೈಲಜಾಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ಸೇರುವಾಗ ಅವಳೂ ಕೇಳಿರಲಿಲ್ಲವಲ್ಲ!

‘ಕೇಳ್ಕಂಡು ಬನ್ನಿ. ಆಮೇಲೆ ನೋಡನ’ ಎಂದಳು ನಾಗರತ್ನ. ಟೀ ಕುಡಿಸಿ ಕಳಿಸಿದಳು.

ಸ್ಕೂಟರ್ ಹತ್ತಿ ವಾಪಸು ಬಂದೆವು. ಮನೆ ತಲುಪಿದ ಮೇಲೆ ಶೈಲಜಾ ಹೇಳಿದಳು. ರೋಗಿಯನ್ನು ಕೇಳದೆ ಸೂಜಿ ಚುಚ್ಚಬೇಡಿ, ಗಂಡನನ್ನಲ್ಲ, ಅತ್ತೆಯನ್ನಲ್ಲ, ಅವಳನ್ನೇ ಕೇಳಿ ಎಂದು ಪ್ರತಿ ವರ್ಷ ಮೊದಲ ಪಾಠ ಮಾಡುವವಳು ನಾನೇ ಅತ್ತಿಗೆ ಎಂದು. ನನಗೆ ಅವಳನ್ನು ನೋಡಿ ಅಯ್ಯೋ ಅನಿಸಿತು.

ಅವಳೊಬ್ಬಳೇ ಏನು? ನಮ್ಮಲ್ಲಿ ಯಾರ ಒಪ್ಪಿಗೆ ಯಾರ ಬಾಯಲ್ಲಿದೆ ಹೇಳಿ. ಎಲ್ಲಿ ನೋವು ಎಂದು ಡಾಕ್ಟರು ಹೆಂಡತಿಯನ್ನು ಕೇಳಿದರೆ ಗಂಡ ತೋರಿಸುತ್ತಾನೆ. ಮದುವೆ ಮನೆಯಲ್ಲಿ ಹೋಳಿಗೆ ಬಂದರೆ ನಮ್ಮ ಯಜಮಾನರ ಎಲೆಗೆ ಕೈ ಅಡ್ಡ ಹಿಡಿಯುವವಳು ನಾನು. (ಶುಗರ್ ಇರುವುದು ಅವರಿಗೆ, ಬೇಡ ಎನ್ನುವುದು ನಾನು!) ಎಲ್ಲ ಪ್ರೀತಿಯಿಂದಲೇ. ಸ್ವಾಮಿಯೂ ಪ್ರೀತಿಯಿಂದಲೇ ‘ಎಸ್’ ಅಂದದ್ದು.

ಶೈಲಜಾ ಕೂತು ನೆಟ್‌ವರ್ಕಿಗೆ ಪತ್ರ ಬರೆದಳು. ಐದು ಒಪ್ಪಿಗೆಯನ್ನೂ ವಾಪಸು ತೆಗೆದುಕೊಂಡಳು. ಕಾರಣವನ್ನೂ ಬರೆದಳು, ನಾಗರತ್ನಳ ಪ್ರಶ್ನೆಗಳನ್ನೂ ಬರೆದಳು. ನಕ್ಷೆಯ ಮೇಲಿನ ಐದು ಚುಕ್ಕೆ ಅಳಿಸಿಹೋದವು. ಉಳಿದ ಚುಕ್ಕೆಗಳನ್ನು ನಾನು ಸುಮಾರು ಹೊತ್ತು ನೋಡುತ್ತಾ ಕೂತಿದ್ದೆ. ಇವುಗಳಲ್ಲಿ ಎಷ್ಟು ಚುಕ್ಕೆಯ ಹಿಂದೆ ಯಾವ್ಯಾವ ಭಾಷೆಯ ಮಾದೇವಸ್ವಾಮಿಗಳಿದ್ದಾರೋ?

ಎರಡು ದಿನಕ್ಕೆ ಉತ್ತರ ಬಂತು. ಕನ್ನಡದಲ್ಲಿ ಮಾತಾಡಬಹುದು, ಶೈಲಜಾ ಅನುವಾದ ಮಾಡಲಿ. ಸರ್ಟಿಫಿಕೇಟ್ ಇಲ್ಲ. ನಂಬರ್ ಹಾಕುವುದಿಲ್ಲ. ಫೋಟೋ ಮಾತ್ರ ಇಲ್ಲಿಯವರೆಗೆ ಯಾರನ್ನೂ ಕೇಳದೆ ಹಾಕುತ್ತಿದ್ದೆವು, ಇನ್ನು ಕೇಳುತ್ತೇವೆ ಎಂದಿದ್ದರು. ಕೊನೆಯ ಪ್ರಶ್ನೆಗೆ, ಬಂದು ನೋಡಿ ಎಂದಷ್ಟೇ ಬರೆದಿದ್ದರು.

ಮತ್ತೆ ಭೀಮನಬೀಡಿಗೆ ಹೋಗಿ ಎಲ್ಲ ಹೇಳಿದೆವು. ಸರ್ಟಿಫಿಕೇಟ್ ಇಲ್ಲ ಎಂದಾಗ ನಾಗರತ್ನಳ ಮುಖ ಸಪ್ಪಗಾಯಿತು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಮೀಟಿಂಗಿನ ದಿನ ಶೈಲಜಾ ಗೇಟಿಗೂ ಟೇಬಲ್ಲಿಗೂ ಓಡಾಡಿ ನನ್ನ ತಲೆ ಚಿಟ್ಟು ಹಿಡಿಸಿದಳು. ಇನ್ನೇನು ಶುರುವಾಗಬೇಕು, ಆಟೋ ನಿಂತ ಸದ್ದಾಯಿತು. ಇಸ್ತ್ರಿ ಸೀರೆ, ಮುಡಿಯಲ್ಲಿ ಹೂವು. ‘ಫೋಟೋ ಬೇಕಾರೆ ಹಾಕ್ಲಿ ಬುಡಿ’ ಎನ್ನುತ್ತಾ ನಾಗರತ್ನ ಒಳಗೆ ಬಂದಳು.

ಪರದೆ ತುಂಬ ಬೇರೆ ಬೇರೆ ದೇಶದ ಮುಖಗಳು. ಅವರ ಮುಂದೆ ಇವಳು ಒಂಚೂರೂ ಹಿಂಜರಿಯದೆ ಆ ಬಸುರಿಯ ಕತೆ ಹೇಳಿದಳು, ಹೆಸರು ಬಿಟ್ಟು. ಶೈಲಜಾ ಇಂಗ್ಲಿಷಿಗೆ ತಿರುಗಿಸುತ್ತಾ ಹೋದಳು. ಖುಷಿಯಲ್ಲಿ ಸ್ವಲ್ಪ ರಕ್ತಹೀನತೆಯ ಪಾಠ, ಸ್ವಲ್ಪ ಸಮಾಜಶಾಸ್ತ್ರ ಎಲ್ಲ ಸೇರಿಸಿದಳು. ನಾಗರತ್ನ ಅವಳ ಮೊಣಕೈ ಹಿಡಿದು ನಿಲ್ಲಿಸಿದಳು.

‘ಮೇಡಮ್, ನಾನು ಅಷ್ಟುದ್ದ ಯೋಳ್ನಿಲ್ವಲ್ಲ. ನಾನಂದಷ್ಟೇ ಯೋಳಿ.’

ಶೈಲಜಾ ಇದನ್ನೂ ಇಂಗ್ಲಿಷಿಗೆ ತಿರುಗಿಸಿದಳು. ಪರದೆಯ ತುಂಬ ನಗು. ಅತ್ತೆಯನ್ನು ಆಚೆ ಕಳಿಸುವ ಉಪಾಯ ನಮ್ಮಲ್ಲೂ ಮಾಡಬಹುದೇ ಎಂದು ಯಾವ ದೇಶದ್ದೋ ನರ್ಸ್ ಒಬ್ಬಳು ಬರೆದುಕೊಂಡು ಕೇಳಿದಳು. ಶೈಲಜಾ ಅದನ್ನು ಕನ್ನಡದಲ್ಲಿ ಹೇಳಿದಾಗ ನಾಗರತ್ನ ನನ್ನ ಕಡೆ ತಿರುಗಿ, ನಾವೇಳಿದ್ದ ಅವ್ರೂ ಕೇಳ್ತಾರೆ ಬುಡಿ ಎಂದಳು. ಕನ್ನಡಕ್ಕೆ ಜಾಗ ಸಿಕ್ಕಿತು. ಈಗ ನಕ್ಷೆಯಲ್ಲಿ ನಮ್ಮ ತಾಲ್ಲೂಕಿನ ಮೇಲೆ ಒಂದೇ ಒಂದು ಚುಕ್ಕೆ.

ಇಷ್ಟೆಲ್ಲ ನೋಡಿದ ಮೇಲೆ ನಾನೂ ಬುದ್ಧಿ ಕಲಿಯಬೇಡವೇ? ಮೊನ್ನೆ ಭೀಮನಬೀಡಿಗೆ ಹೋಗಿ ಈ ಬರಹವನ್ನು ನಾಗರತ್ನಳಿಗೆ ಓದಿ ಹೇಳಿ, ಪತ್ರಿಕೆಗೆ ಹಾಕಲೇ ಎಂದು ಕೇಳಿದೆ. ತನ್ನ ಹೆಸರನ್ನೂ ಊರನ್ನೂ ಬದಲಿಸದೆ ಹಾಕಿ ಎಂದಳು. ದನಿ ಜೋರು ಎಂದು ಬರೆದದ್ದಕ್ಕೆ ಮಾತ್ರ ಸ್ವಲ್ಪ ಮುನಿಸಿಕೊಂಡಳು. ನಾನು ಹೆಮ್ಮೆಯಿಂದ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಗೇಟಿನ ತನಕ ಬಂದಿದ್ದೆ. ಹಿಂದಿನಿಂದ ಕೂಗಿದಳು.

‘ಅಕ್ಕಾ, ಸ್ವಾಮಿಯವ್ರ ಕೇಳಿದ್ರಾ?’