ತೂಕ ಇಳಿಯದ ಟ್ಯೂಬುಗಳು

ಚರ್ಮದ ಆಸ್ಪತ್ರೆಯಲ್ಲಿ ಅವನಿಗೆ ತಕ್ಕಡಿ ಎಂದೇ ಹೆಸರು. ಇಪ್ಪತ್ತು ವರ್ಷ ಗುಜರಿ ಅಂಗಡಿಯಲ್ಲಿ ಕಬ್ಬಿಣ, ಹಿತ್ತಾಳೆ ತೂಗಿ ಸೊಂಟ ಕಳೆದುಕೊಂಡವನು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಉಳಿದಿತ್ತು. ಅವನನ್ನು ಇಲ್ಲಿ ಕೆಲಸಕ್ಕೆ ಸೇರಿಸಿದವಳು ಸೊಸೆ, ಅಂದರೆ ತಂಗಿಯ ಮಗಳು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಔಷಧಿ ತಯಾರಿಸುವುದು ಅವಳ ಕೆಲಸ.

ಮೂರು ವರ್ಷ ಕೂತು ಅವಳು ಕೀವುಗುಳ್ಳೆಗೆ ಹಚ್ಚುವ ಒಂದು ಜೆಲ್ ಮಾಡಿದ್ದಳು. ಅದರಲ್ಲಿ ಓಮದ ಸತ್ವ ಒಂದು, ಅರಿಶಿನದ ಸತ್ವ ಇನ್ನೊಂದು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ರಿಮಿಗಳ ನಡುವೆ ಒಂದನ್ನೇ ಹಾಕಿದರೆ ಅಂಗಿಗುಂಡಿಯಷ್ಟು ಜಾಗ ಕ್ರಿಮಿ ಸತ್ತು ತಿಳಿಯಾಗುತ್ತಿತ್ತು, ಎರಡನ್ನೂ ಬೆರೆಸಿದರೆ ಬಾಟಲಿ ಮುಚ್ಚಳದಷ್ಟು. ಅದನ್ನು ನೋಡಿಯೇ ಡಾಕ್ಟರಮ್ಮ ನಲವತ್ತು ಜನರ ಮೇಲೆ ಪರೀಕ್ಷೆಗೆ ಒಪ್ಪಿದ್ದು. ಅರ್ಧ ಜನಕ್ಕೆ ಬೆರಕೆ ಜೆಲ್, ಉಳಿದವರಿಗೆ ಬರೀ ಓಮದ್ದು. ದಿನಕ್ಕೆರಡು ಸಲ ಹಚ್ಚಬೇಕು, ಹಚ್ಚಿದಾಗೆಲ್ಲ ಕಾರ್ಡಿನಲ್ಲಿ ಗುರುತು ಹಾಕಬೇಕು. ಟ್ಯೂಬು ಕೊಡುವಾಗ ಒಮ್ಮೆ, ವಾಪಸು ಬಂದಾಗ ಒಮ್ಮೆ ತೂಗಿ ಬರೆದಿಡುವುದು ತಕ್ಕಡಿಯ ಪಾಲಿನ ಕೆಲಸ.

ಎರಡು ವಾರ ಕಳೆದ ಮೇಲೆ ನೋಡಿದರೆ ಬರೀ ಓಮದ ಜೆಲ್ಲೇ ಗೆದ್ದಿತ್ತು. ಬೆರಕೆಯದು ಮಕಾಡೆ ಮಲಗಿತ್ತು. ಶುಕ್ರವಾರದ ಸಭೆಯಲ್ಲಿ ಇದನ್ನು ಕೈಬಿಡುವುದಾಗಿ ಡಾಕ್ಟರಮ್ಮ ಹೇಳಿಬಿಟ್ಟರು. ಸೊಸೆ ಗಾಜಿನ ತಟ್ಟೆ ತೊಳೆಯುತ್ತ ನಿಂತಳು. ಊಟದ ಡಬ್ಬಿ ತೆರೆಯಲೇ ಇಲ್ಲ.

ತಕ್ಕಡಿಗೆ ತಡೆಯಲಾಗಲಿಲ್ಲ. ತನ್ನ ತೂಕದ ಪುಸ್ತಕ ತೆಗೆದ. ಕಾರ್ಡುಗಳಲ್ಲಿ ಒಂದು ಗುರುತೂ ತಪ್ಪಿರಲಿಲ್ಲ. ಆದರೆ ಮೂವತ್ತು ಗ್ರಾಮಿನ ಬೆರಕೆ ಟ್ಯೂಬುಗಳು ಇಪ್ಪತ್ತಾರು, ಇಪ್ಪತ್ತೇಳು ಗ್ರಾಂ ಆಗಿ ಮರಳಿದ್ದವು. ಓಮದವು ಮಾತ್ರ ಹಿಂಡಿ ಹಿಪ್ಪೆಯಾಗಿದ್ದವು.

ಸಂಜೆ ಬಸ್ ಡಿಪೋಗೆ ಹೋಗಿ, ಕುತ್ತಿಗೆಯಲ್ಲಿ ಗುಳ್ಳೆಯೆದ್ದಿದ್ದ ಕಂಡಕ್ಟರಮ್ಮನನ್ನು ಹಿಡಿದ.

"ದಿನಾ ಹಚ್ಚಿದ್ಯೇನಮ್ಮ?"

"ಹೂಂ ಅಣ್ಣ, ಕಾರ್ಡ್ ನೋಡ್ಲಿಲ್ವಾ?"

"ಕಾರ್ಡ್ ಇರ್ಲಿ. ಟ್ಯೂಬ್ ಬೇರೆ ಕಥೆ ಹೇಳ್ತಿದೆ."

ಅವಳು ನಾಲಿಗೆ ಕಚ್ಚಿಕೊಂಡಳು. "ಡಾಕ್ಟರಮ್ಮಂಗೆ ಹೇಳ್ಬೇಡಿ. ಎರಡೇ ದಿನ ಹಚ್ಚಿದ್ದು. ಯೂನಿಫಾರ್ಮ್ ಕಾಲರೆಲ್ಲ ಹಳದಿ! ಏನು ಉಜ್ಜಿದ್ರೂ ಹೋಗ್ಲಿಲ್ಲ. ಮೇಲಿನೋರು ಬೈದ್ರು. ಕಾರ್ಡ್ ವಾಪಸ್ ಕೊಡೋ ದಿನ ಬಸ್ಸಲ್ಲೇ ಕೂತು ಎಲ್ಲಾ ಗುರುತು ಹಾಕ್ಬಿಟ್ಟೆ."

"ಗುಳ್ಳೆಗಿಂತ ಕಾಲರ್ ಹೆಚ್ಚಾಯ್ತಾ ನಿಂಗೆ?"

"ಗುಳ್ಳೆ ಕಾಲರ್ ಒಳಗೆ ಮುಚ್ಚಿರತ್ತೆ ಅಣ್ಣ. ಕಾಲರ್ ಊರಿಗೆಲ್ಲ ಕಾಣತ್ತೆ."

ಮರುದಿನ ತಕ್ಕಡಿ ಇನ್ನೂ ಐವರ ಮನೆ ಹೊಕ್ಕು ಬಂದ. ದಿಂಬಿನ ಕವರು, ಅಂಗಿಯ ತೋಳು, ಮಗುವಿನ ಹೊದಿಕೆ, ಎಲ್ಲರದ್ದೂ ಕಲೆಯ ಕಥೆಯೇ.

ಮುಂದಿನ ಶುಕ್ರವಾರ ಪುಸ್ತಕ ಹಿಡಿದು ಸಭೆಗೇ ನುಗ್ಗಿದ.

"ರೋಗಿಗಳ ಮನೆಗೆ ಹೋಗು ಅಂತ ನಿನಗೆ ಯಾರು ಹೇಳಿದ್ರು?" ಡಾಕ್ಟರಮ್ಮ ಸಿಡುಕಿದರು.

"ಯಾರೂ ಹೇಳ್ಲಿಲ್ಲ. ತಪ್ಪೇ. ಬೈಕೊಳ್ಳಿ, ಆದ್ರೆ ಮೊದ್ಲು ಇದನ್ನ ನೋಡಿ! ಹಚ್ಚದೇ ಇರೋ ಔಷಧಿ ಕೆಲಸ ಮಾಡ್ಲಿಲ್ಲ ಅಂತ ಹೆಂಗ್ರೀ ಬರೀತೀರಾ?"

"ಮಾವ, ಮೆಲ್ಲಗೆ!" ಎಂದಳು ಸೊಸೆ.

"ಮೆಲ್ಲಗೆ ಮಾತಾಡಕ್ಕೆ ನನಗೆ ಬರಲ್ಲ ಕಣೆ."

ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಓದಿದರು. ಕಾರ್ಡುಗಳ ಕಟ್ಟನ್ನು ಪಕ್ಕಕ್ಕೆ ತಳ್ಳಿದರು. "ತೂಕವನ್ನ ನಾನು ಮೊದಲೇ ನೋಡಬೇಕಿತ್ತು" ಎಂದರು. ಆಮೇಲೆ ಸೊಸೆಯತ್ತ ತಿರುಗಿ, "ಅರಿಶಿನದ ಸತ್ವದ ಬಣ್ಣ ತೆಗೆಯೋಕೆ ಆಗತ್ತಾ?"

"ಆಗತ್ತೆ ಮೇಡಂ. ಶಕ್ತಿ ಸ್ವಲ್ಪ ಕಮ್ಮಿ ಆಗ್ಬಹುದು. ಮಾಡಿ ನೋಡ್ಬೇಕು."

"ಮಾಡು. ಕೈಬಿಡೋ ಮಾತು ಸದ್ಯಕ್ಕೆ ಬೇಡ."

ಎರಡು ತಿಂಗಳು ಹಿಡಿಯಿತು. ಹೊಸ ಜೆಲ್ ತಟ್ಟೆಯಲ್ಲಿ ತಿಳಿ ಮಾಡಿದ ಜಾಗ ಹಳೆಯದಕ್ಕಿಂತ ಒಂದು ಎಳೆ ಚಿಕ್ಕದು, ಆದರೂ ಬರೀ ಓಮದ್ದಕ್ಕಿಂತ ಎಷ್ಟೋ ದೊಡ್ಡದು. ಅದನ್ನು ತೋರಿಸುತ್ತಲೇ ಸೊಸೆ ಒಂದು ಬೊಟ್ಟು ಜೆಲ್ ತೆಗೆದು ತಕ್ಕಡಿಯ ಬಿಳಿ ಕೋಟಿನ ಕಾಲರಿಗೆ ಚೆನ್ನಾಗಿ ತಿಕ್ಕಿಬಿಟ್ಟಳು.

"ಏಯ್! ನಿನ್ನೆ ತಾನೇ ಒಗೆದಿದ್ದು ಕಣೆ ಇದು!"

"ಸುಮ್ನೆ ನಿಂತ್ಕೊ ಮಾವ. ಇದೂ ಪರೀಕ್ಷೆನೇ."

ಗೊಣಗುತ್ತಲೇ ಕೋಟು ಕಳಚಿ ನಲ್ಲಿಯ ಕೆಳಗೆ ಹಿಡಿದ. ಕಿಟಕಿಯ ಬೆಳಕಿಗೆ ಒಡ್ಡಿ, ಕಾಲರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಎಲ್ಲಿ ಹಚ್ಚಿದ್ದಳೆಂದೇ ತಿಳಿಯಲಿಲ್ಲ. ಒದ್ದೆ ಕೋಟನ್ನು ಹೆಗಲ ಮೇಲೆ ಎಸೆದುಕೊಂಡು, ಕಂಡಕ್ಟರಮ್ಮನಿಗೆ ಹೇಳಿಬರಲು ಡಿಪೋ ಕಡೆಗೆ ಹೊರಟ.