ಕೇಳಿದವರಿಗೆಲ್ಲ ಕೊಟ್ಟ ಪಾಸ್‌ವರ್ಡ್

ಅವತ್ತು ಕುಬಿಹಾಳದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಇದ್ದೆವು: ಕಂಬಕ್ಕೆ ಒರಗಿ ಕುಳಿತ ಅವ್ವ, ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದಿದ್ದ ಚಿಕ್ಕಮ್ಮನಂತಿದ್ದ ಬಾಜು ಮನೆಯ ಕಾಕು, ನಾನು, ಮತ್ತು ಕುಂದಗೋಳದಿಂದ ಬಂದ ಹವಾಲ್ದಾರರು. ಕೊಟ್ಟ ಚಹಾವನ್ನು ಅವರು ಮುಟ್ಟಿರಲಿಲ್ಲ.

ಅವರು ಬಂದ ಕಾರಣ ಹೇಳಿದರು. ಪಕ್ಕದ ಊರಿನ ಹುಡುಗಿಯೊಬ್ಬಳ ಫೋಟೋ ಹಾಕಿ, ಅವಳ ಹೆಸರಿನಲ್ಲೇ ಯಾರೋ ಸುಳ್ಳು ಖಾತೆ ತೆರೆದು ಹೊಲಸು ಬರೆದಿದ್ದರು. ಬರೆದದ್ದು ನಮ್ಮ ಮನೆಯ ಇಂಟರ್ನೆಟ್ಟಿನಿಂದ. ಮಗಳ ಓದಿಗೆಂದು ಹಾಕಿಸಿದ ಆ ಕನೆಕ್ಷನ್ ಇದ್ದದ್ದು ನನ್ನ ಹೆಸರಿನಲ್ಲಿ.

"ಶುಕ್ರವಾರ ಮಧ್ಯಾಹ್ನ ಮನ್ಯಾಗ ಯಾರಿದ್ರಿ?"

"ನಾನೊಬ್ಬಾಕಿನ ಇದ್ದೆ" ಎಂದಳು ಅವ್ವ. "ನನಗ ಓದಾಕ ಬರಿಯಾಕ ಬರೂದಿಲ್ಲಪಾ. ಹಿಡಕೊಂಡು ಹೋಗ್ತಿ ಏನು?"

ಹವಾಲ್ದಾರರಿಗೆ ನಗು ಬಂತು. "ಇಲ್ಲಬೇ ಯವ್ವಾ. ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತೈತಿ, ಅಷ್ಟು ಹೇಳು."

"ಕೇಳಿದವರಿಗೆಲ್ಲಾ ಹೇಳೀನಿ. ನಮ್ಮ ಎಮ್ಮಿ ಹೆಸರು, ಮುಂದ ಒಂದು ಎರಡು ಮೂರು. ಓಣ್ಯಾಗಿನವರು ಹೆಪ್ಪ ಕೇಳಿದ್ರ ಇಲ್ಲ ಅನ್ನಾಕಾಗತೈತೇನು? ಒಂದು ಚಮಚಾ ಕೊಟ್ರ ನಮ್ಮ ಗಡಿಗಿ ಬರಿದಾಗೂದಿಲ್ಲ."

"ಯವ್ವಾ, ಹೆಪ್ಪ ಕೊಟ್ರ ಮೊಸರು ಅವರ ಗಡಿಗ್ಯಾಗ ಆಗತೈತಿ. ಇದು ಹಂಗಲ್ಲ. ಅವರು ಎಂಥಾ ಹಾಲು ಕಾಸಿದ್ರೂ ನಿನ್ನ ಮಗನ ಗಡಿಗ್ಯಾಗ ಹೆಪ್ಪಾಗತೈತಿ."

ತಪ್ಪು ಅವ್ವನದಷ್ಟೇ ಅಲ್ಲ. ನಮ್ಮ ಕಟ್ಟೆಯ ಮೇಲೆ ಓಣಿಯ ಮಂದಿ ಮೊಬೈಲ್ ಹಿಡಿದು ಕೂತಾಗ, ದೊಡ್ಡ ಮನುಷ್ಯನಾದೆ ಎಂದು ನನಗೂ ಅನಿಸುತ್ತಿತ್ತು. ಹವಾಲ್ದಾರರು ಹಾಳೆ ಕೊಟ್ಟು, ಪಾಸ್‌ವರ್ಡ್ ಗೊತ್ತಿದ್ದವರ ಹೆಸರು ಬರೆಯಲು ಹೇಳಿದರು.

"ಓಣಿಯವರ ಹೆಸರು ಪೊಲೀಸರಿಗೆ ಬರಕೊಡ್ತಿ ಏನಲೇ?" ಅವ್ವ ಸಿಡಿದಳು.

"ಬರಕೊಡ್ತೀನಿ. ಆ ಹುಡುಗಿ ಒಂದು ಮನಿ ಮಗಳಲ್ಲೇನಬೇ?"

ಮೊದಲು ನನ್ನ ಹೆಸರು ಬರೆದೆ, ಆಮೇಲೆ ಮಗಳದು. ಮೂರನೆಯದು ಕಾಕು ಅವರ ಮನೆ. ಅವರು ನಿಂತು ನೋಡುತ್ತಲೇ ಇದ್ದರು.

"ನನ್ನ ಕಣ್ಣ ಮುಂದನ ಬರದಿ. ಭಾಳ ಚಲೋ ಆತು" ಎಂದು ಬರಿ ಬಟ್ಟಲು ಹಿಡಿದು ಹೊರಟುಹೋದರು.

ಅಂದೇ ಪಾಸ್‌ವರ್ಡ್ ಬದಲಿಸಿದೆ, ಅವ್ವನಿಗೂ ಹೇಳಲಿಲ್ಲ. ಓಣಿಯಲ್ಲಿ ಮಾತು ಬಿದ್ದವು: "ಸಾವ್ಕಾರ್ರು ಗಾಳಿಗೂ ಕೀಲಿ ಹಾಕ್ಯಾರ!" ನಾನು ಒಂದೊಂದೇ ಮನೆಯ ಬಾಗಿಲಿಗೆ ಹೋಗಿ ಹೇಳಿದೆ: "ನಿಮ್ಮ ಹೆಸರು ಬರದೀನ್ರಿ, ನನ್ನ ಹೆಸರಿನ ಕೆಳಗ. ಸಿಟ್ಟು ಬಂದ್ರ ಬೈರಿ. ಆದ್ರ ಪಾಸ್‌ವರ್ಡ್ ಮಾತ್ರ ಕೇಳಬ್ಯಾಡ್ರಿ." ಕೆಲವರು ಬೈದರು. ಒಬ್ಬರು ಬೈದು, ಚಹಾ ಕುಡಿಸಿ ಕಳಿಸಿದರು. ಕಾಕು ಮಾತ್ರ ಬಾಗಿಲು ತೆಗೆಯಲಿಲ್ಲ.

ಆರನೆಯ ದಿನ ಮುಂಜಾನೆಯ ಬಸ್ಸಿಗೆ ಕಾಕು ಕುಂದಗೋಳಕ್ಕೆ ಹೊರಟರು. ಆ ಶುಕ್ರವಾರ ಅವರ ಮನೆಗೆ ಬಂದು ಉಳಿದಿದ್ದ ಅಣ್ಣನ ಮಗ, ಮದುವೆಯಾದ ಗಂಡಸು, ತಲೆ ತಗ್ಗಿಸಿ ಹಿಂದೆ ನಡೆದಿದ್ದ. ಅವನ ಮೊಬೈಲಿನಲ್ಲಿ ಆ ಹುಡುಗಿಯ ಫೋಟೋ ಕಾಕು ಕಣ್ಣಿಗೆ ಬಿದ್ದಿತ್ತಂತೆ. ಠಾಣೆಯಲ್ಲಿ ಆ ಮೊಬೈಲನ್ನು ಅವರೇ ಮೇಜಿನ ಮೇಲಿಟ್ಟರು.